ಗಪ್ಪಿ ಬೆನ್ನು ಸೊಟ್ಟ ಇದ್ರೆ ಔಷಧಿ ಹುಡುಕೋ ಮುಂಚೆ ಇದನ್ನ ಓದಿ

ತುಮಕೂರಲ್ಲಿ ಈಗ ಬೀದಿಗೊಬ್ಬರಾದ್ರೂ ಗಪ್ಪಿ ಅನ್ನೋ ಚಿಕ್ಕ ಅಕ್ವೇರಿಯಂ ಮೀನು ಸಾಕೋರು ಸಿಗ್ತಾರೆ, ಹಾಲ್‌ನಲ್ಲಿ ಟ್ಯಾಂಕ್ ಇಟ್ಟಿರೋರು, ಮಹಡಿ ಮೇಲೆ ಸಿಮೆಂಟ್ ತೊಟ್ಟೀಲಿ ಮರಿ ಮಾಡ್ಸೋ ಹುಡುಗ್ರು, ಎಲ್ರೂ ಇದ್ದಾರೆ. ಇವರಿಂದ ವಾಟ್ಸಾಪ್‌ಗೆ ಒಂದು ಪ್ರಶ್ನೆ ಮಾತ್ರ ಬರ್ತಾನೇ ಇರುತ್ತೆ, "ಅಣ್ಣಾ, ಮೀನಿನ ಬೆನ್ನು ಸೊಟ್ಟ ಆಗಿದೆ, ಯಾವ ಔಷಧಿ ಹಾಕ್ಲಿ?" ನೋಡಿ, ಸೊಟ್ಟ ಬೆನ್ನು ಅನ್ನೋದು ಒಂದು ಕಾಯಿಲೆ ಅಲ್ಲ. ಬೇರೆ ಬೇರೆ ಕಾರಣಕ್ಕೆ ಮೈಮೇಲೆ ಕಾಣಿಸ್ಕೊಳ್ಳೋ ಗುರುತು ಅದು, ಕಾರಣ ಗೊತ್ತಿಲ್ದೆ ನೀಲಿ ಔಷಧಿ ಹಳದಿ ಔಷಧಿ ಸುರಿದ್ರೆ ಚೆನ್ನಾಗಿರೋ ಮೀನಿಗೂ ತೊಂದ್ರೆ.

ಮೊದಲು ಸರಿಯಾಗಿ ನೋಡೋದು ಹೇಗೆ ಅಂತ ಹೇಳ್ತೀನಿ. ಎಲ್ರೂ ಗಾಜಿನ ಮುಂದೆ ನಿಂತು ಪಕ್ಕದಿಂದ ನೋಡ್ತಾರೆ. ಪಕ್ಕದಿಂದ ಗೂನು ಗೊತ್ತಾಗುತ್ತೆ, ಬೆನ್ನು ಕೆಳಕ್ಕೆ ಕುಸಿದಿದ್ರೂ ಗೊತ್ತಾಗುತ್ತೆ, ಆದ್ರೆ ಎಡಕ್ಕೋ ಬಲಕ್ಕೋ ಬಾಗಿದ್ರೆ ಕಾಣೋದೇ ಇಲ್ಲ. ಒಂದು ಬಿಳಿ ಪ್ಲಾಸ್ಟಿಕ್ ಮಗ್‌ಗೆ ಅದೇ ಟ್ಯಾಂಕಿನ ನೀರು ಹಾಕಿ ಮೀನು ಬಿಟ್ಟು ಸುಮ್ನೆ ಕಾಯಿರಿ, ಅದು ಗಾಬರಿ ಬಿಟ್ಟು ಒಂದ್ಕಡೆ ನಿಲ್ಲುತ್ತಲ್ಲ, ಆಗ ಮೇಲಿಂದ ನೋಡ್ಬೇಕು. ಹೋದ ವಾರ ಪಕ್ಕದ್ಮನೆ ಹುಡುಗ ತಂದಿದ್ದ ಹೆಣ್ಣು ಗಪ್ಪಿ ಪಕ್ಕದಿಂದ ನೋಡಿದ್ರೆ ಏನೂ ಇಲ್ಲ, ಮಗ್‌ನಲ್ಲಿ ಮೇಲಿಂದ ನೋಡಿದ್ರೆ ಬೆನ್ನಿನ ರೆಕ್ಕೆ ದಾಟಿದ್ಮೇಲೆ ಮೈ ಹುಣಸೆಕಾಯಿ ಥರ ಎಡಕ್ಕೆ ಬಾಗಿದೆ, ನಿಂತಾಗ್ಲೂ ನೆಟ್ಟಗಾಗ್ತಿಲ್ಲ, ಮುಂದೆ ಹೋಗ್ಬೇಕು ಅಂದ್ರೆ ಬಾಲವನ್ನ ಒಂದೇ ಕಡೆ ಜೋರಾಗಿ ಬಡೀತಿದೆ. ನಿಂತಾಗ್ಲೂ ಬಾಗಿರ್ಬೇಕು, ಅದೇ ಮುಖ್ಯ. ತಿರುಗೋವಾಗ ಎಲ್ಲಾ ಮೀನೂ ಬಾಗುತ್ತೆ. ಹೊಟ್ಟೆ ತುಂಬಿರೋ ಬಸುರಿ ಮೀನಿನ ಬೆನ್ನೂ ಸ್ವಲ್ಪ ಆಕಾರ ಕೆಟ್ಟ ಹಾಗೆ ಕಾಣುತ್ತೆ, ಮರಿ ಹಾಕಿದ್ಮೇಲೆ ಸರಿಹೋಗುತ್ತೆ. ಗಪ್ಪಿ ಆಯಸ್ಸೇ ಹೆಚ್ಚುಕಮ್ಮಿ 2 ವರ್ಷ, ವಯಸ್ಸಾದ ಹೆಣ್ಣು ಮೀನಿಗೆ ಗೂನು ಬಂದ್ರೆ ಅದು ಮುಪ್ಪು ಇರಬಹುದು.

ಆಮೇಲೆ ಕೇಳ್ಬೇಕಾದ್ದು, ಯಾವಾಗಿಂದ ಹೀಗಿದೆ, ಎಷ್ಟು ಮೀನಿಗೆ ಹೀಗಿದೆ? ಒಂದು ಸೂಲಿನ ಮರಿಗಳಲ್ಲಿ ಒಂದೆರಡು ಡೊಂಕು ಇದ್ರೆ ತಲೆ ಕೆಡಿಸ್ಕೋಬೇಡಿ. ಪ್ರತಿ ಸೂಲಲ್ಲೂ ಜಾಸ್ತಿ ಆಗ್ತಾ ಹೋದ್ರೆ ಅಣ್ಣ ತಂಗಿ ಮೀನನ್ನೇ ತಲೆಮಾರಿನಿಂದ ಕೂಡಿಸ್ತಾ ಬಂದಿರೋ ಅನುಮಾನ ಪಡ್ಬೇಕು. ಬೇರೆ ಕಡೆಯಿಂದ ಗಂಡು ತಂದು ಬಿಟ್ರೂ ತಕ್ಷಣ ಫಲ ಕಾಣಲ್ಲ, ಯಾಕಂದ್ರೆ ಹೆಣ್ಣು ಗಪ್ಪಿ ಹಳೇ ಗಂಡಿನ ವೀರ್ಯಾನ ತಿಂಗಳುಗಟ್ಟಲೆ ಹೊಟ್ಟೇಲಿ ಇಟ್ಕೊಂಡು ಮರಿ ಹಾಕ್ತಾನೇ ಇರುತ್ತೆ. ಇನ್ನೊಂದು ವಿಷಯ, "ಹುಟ್ಟಿದಾಗ ನೆಟ್ಟಗಿತ್ತು, ಹಾಗಾಗಿ ವಂಶದ್ದಲ್ಲ" ಅಂತ ತುಂಬಾ ಜನ ಹೇಳ್ತಾರೆ, ಅದು ತಪ್ಪು. ಕರ್ವ್‌ಬ್ಯಾಕ್ ಅಂತ ಒಂದು ಗಪ್ಪಿ ತಳಿನೇ ಇದೆ, ಅದರ ಮರಿ ಹುಟ್ಟೋವಾಗ ನೆಟ್ಟಗಿದ್ದು ಬೆಳೀತಾ ಬೆಳೀತಾ ಬಾಗುತ್ತೆ, ಮಕ್ಕಳಿಗೆ ಬೆಳೆಯೋ ವಯಸ್ಸಲ್ಲಿ ಬೆನ್ನುಮೂಳೆ ಸೊಟ್ಟ ಆಗೋದು ಯಾಕೆ ಅಂತ ತಿಳ್ಕೊಳ್ಳೋಕೆ ವಿಜ್ಞಾನಿಗಳು ಅದನ್ನ ಅಧ್ಯಯನ ಮಾಡಿದ್ದಾರೆ.

ಫೀಡ್ ಬಗ್ಗೆ ಯಾರೂ ಯೋಚ್ನೇನೇ ಮಾಡಲ್ಲ. ಹೆಚ್ಚಿನ ಅಕ್ವೇರಿಯಂ ಮೀನುಗಳು ವಿಟಮಿನ್ ಸಿ ತಾವೇ ಮಾಡ್ಕೊಳ್ಳಲ್ಲ, ತಿನ್ನೋದ್ರಿಂದ್ಲೇ ಬರ್ಬೇಕು, ಅದಿಲ್ದೆ ಮೂಳೆ ಗಟ್ಟಿ ಆಗಲ್ಲ, ಬೆಳೆಯೋ ಮರಿ ಬಾಗುತ್ತೆ, ಕಿವಿರಿನ ಮುಚ್ಚಳ ಗಿಡ್ಡ ಆಗಿ ಒಳಗಿನ ಕೆಂಪು ಹೊರಗೆ ಕಾಣುತ್ತೆ. ಗಾಳಿ, ಬೆಳಕು, ಬಿಸಿಲಿಗೆ ಆ ವಿಟಮಿನ್ ಹಾಳಾಗುತ್ತೆ. ದೊಡ್ಡ ಚೀಲದಿಂದ ಪಾಲಿಥಿನ್ ಕವರ್‌ಗೆ ತುಂಬಿ ಮಾರೋ ಫೀಡ್ ಅಗ್ಗ ನಿಜ, ಆದ್ರೆ ಮರಿಗಳಿಗೆ ದಯವಿಟ್ಟು ಅದು ಬೇಡ, ಸೀಲ್ ಇರೋ ಚಿಕ್ಕ ಡಬ್ಬಿ ತಗೊಂಡು ಬೇಗ ಖಾಲಿ ಮಾಡಿ. ಒಂದ್ಸಲ ಬಾಗಿದ ಮೂಳೆ ಮತ್ತೆ ನೆಟ್ಟಗಾಗಲ್ಲ, ಮುಂದಿನ ಮರಿಗಳನ್ನ ಉಳಿಸ್ಕೋಬಹುದು ಅಷ್ಟೆ.

ನಿಜವಾಗ್ಲೂ ಹೆದರ್ಬೇಕಾದ್ದು ಯಾವಾಗ ಅಂದ್ರೆ, ನೆಟ್ಟಗಿದ್ದ ದೊಡ್ಡ ಮೀನು ಇದ್ದಕ್ಕಿದ್ದಂಗೆ ಬಾಗಿ, ಹೊಟ್ಟೆ ಒಳಗೆ ಹೋಗಿ, ತಿನ್ನೋದು ಬಿಟ್ಟು, ಅದರ ಹಿಂದೆ ಇನ್ನೊಂದು ಮತ್ತೊಂದು ಹಾಗೇ ಆದಾಗ. ಅದು ಮೀನಿನ ಟಿಬಿ ಇರಬಹುದು, ಮೈಕೋಬ್ಯಾಕ್ಟೀರಿಯಂ ಜಾತಿ ರೋಗಾಣು. ನಮಗೆ ಬರೋ ಶ್ವಾಸಕೋಶದ ಟಿಬಿ ಅಲ್ಲ ಅದು, ಆದ್ರೆ ಕೈಯಲ್ಲಿ ಗಾಯ ಇದ್ರೆ ಚರ್ಮಕ್ಕೆ ಅಂಟಿಕೊಂಡು ಬೇಗ ವಾಸಿಯಾಗದ ಗಂಟು ಆಗಬಹುದು. ಗಾಯ ಇರೋ ಕೈಯನ್ನ ಟ್ಯಾಂಕಿಗೆ ಹಾಕ್ಬೇಡಿ, ನೀರು ಬದಲಾಯಿಸೋವಾಗ ಪೈಪನ್ನ ಬಾಯಲ್ಲಿ ಎಳೀಬೇಡಿ, ಮಕ್ಕಳಿಗಂತೂ ಈ ಕೆಲಸ ಕೊಡ್ಲೇಬೇಡಿ. ನಿಯಾನ್ ಟೆಟ್ರಾ ಅನ್ನೋ ಮೀನು ಸೊಟ್ಟ ಆಗಿ ಮೈಯಲ್ಲಿ ಬಿಳಿ ತೇಪೆ ಬಂದ್ರೆ ಅದು ಬೇರೆ ಪರಾವಲಂಬಿ ಇರಬಹುದು, ಅದಕ್ಕೆ ಮದ್ದಿಲ್ಲ, ಆ ಮೀನನ್ನ ತಕ್ಷಣ ಬೇರೆ ಮಾಡಿ.

ಪಾವಗಡ ಕಡೆಯವರು ಕೇಳ್ತಾರೆ, ನಮ್ಮೂರ ಬೋರ್ ನೀರಲ್ಲಿ ಫ್ಲೋರೈಡ್ ಇದೆ, ಜನಕ್ಕೇ ಮೂಳೆ ಬಾಗಿದೆ, ಮೀನಿಗೂ ಅದೇನಾ ಅಂತ. ನ್ಯಾಯವಾದ ಪ್ರಶ್ನೆ. ಮೀನಿನ ಮೂಳೇಲೂ ಫ್ಲೋರೈಡ್ ಸೇರುತ್ತೆ, ಆದ್ರೆ ನೀರಲ್ಲಿ ಸುಣ್ಣದಂಶ ಜಾಸ್ತಿ ಇದ್ರೆ ಅದರ ವಿಷ ಮೀನಿಗೆ ಕಮ್ಮಿ ತಟ್ಟುತ್ತೆ, ಗಪ್ಪಿಗೂ ಅದರ ನೆಂಟ ಮೋಲಿ ಮೀನಿಗೂ ಅಂಥ ಗಡಸು ನೀರೇ ಇಷ್ಟ. ನೀರೇ ಕಾರಣ ಆಗಿದ್ರೆ ಟ್ಯಾಂಕಲ್ಲಿರೋ ಬೇರೆ ಬೇರೆ ಜಾತಿ ಮೀನುಗಳಲ್ಲೂ ಏನಾದ್ರೂ ಕಾಣ್ಬೇಕು. ತುಂಬಿದ ಟ್ಯಾಂಕಲ್ಲಿ ಒಂದೇ ಒಂದು ಗಪ್ಪಿ ಬಾಗಿದ್ರೆ ನಾನು ನೀರನ್ನ ದೂರಲ್ಲ. ನೀರು ಟೆಸ್ಟ್ ಮಾಡಿಸಿ, ಮೀನಿಗೋಸ್ಕರ ಅಲ್ಲ, ನೀವು ಕುಡಿಯೋದಕ್ಕೆ, ಲೀಟರ್‌ಗೆ 1.5 ಮಿಲಿಗ್ರಾಂ ದಾಟಿರಬಾರದು.

ಬಲೂನ್ ಮೋಲಿ ಬಗ್ಗೆ ನನ್ನ ಅಭಿಪ್ರಾಯ ಕೇಳಿದ್ರೆ, ತಗೋಬೇಡಿ. ಆ ಗುಂಡು ಹೊಟ್ಟೆ ಅಂದ ಅಲ್ಲ, ಬೆನ್ನುಮೂಳೆ ಗಿಡ್ಡ ಆಗೋ ಹಾಗೆ ಬೇಕಂತ್ಲೇ ಆರಿಸಿ ಬೆಳೆಸಿರೋ ಅಂಗವಿಕಲತೆ.

ಸೊಟ್ಟ ಇದ್ರೂ ಚೆನ್ನಾಗಿ ತಿಂದ್ಕೊಂಡು ಓಡಾಡೋ ಮೀನನ್ನ ಕೊಲ್ಲೋ ಅಗತ್ಯ ಇಲ್ಲ, ಬೇರೆ ಟ್ಯಾಂಕಲ್ಲಿ ಹರಿವು ಕಮ್ಮಿ ಇಟ್ಟು ಸಾಕಿ, ಮರಿ ಮಾತ್ರ ಮಾಡಿಸ್ಬೇಡಿ. ಅಮಾನಿಕೆರೆಗೋ ಬಾವಿಗೋ ಬಿಡೋದು ಮಾತ್ರ ಬೇಡ್ವೇ ಬೇಡ. ಸೊಳ್ಳೆ ಮರಿ ತಿನ್ಲಿ ಅಂತ ಆರೋಗ್ಯ ಇಲಾಖೆಯವರು ಗಪ್ಪಿ ಬಿಡ್ತಾರೆ ನಿಜ, ಅವರು ಜಾಗ ನೋಡಿ ಬಿಡ್ತಾರೆ, ನಿಮ್ಮ ಮೀನು ಹೋದ್ರೆ ಅದರ ಜೊತೆ ನಿಮ್ಮ ಟ್ಯಾಂಕಿನ ರೋಗಾನೂ ಕೆರೆಗೆ ಹೋಗುತ್ತೆ.