ನಳಿಗೆ ಬದಲಿಸಿದರೆ ಕ್ಯಾಲಿಬರ್ ಬದಲಾಗುತ್ತದೆಯೇ?

"ಒಂದೇ ರೈಫಲ್ ಕೊಂಡು, ನಳಿಗೆ ಮಾತ್ರ ಬದಲಾಯಿಸಿ, ಬೇಕಾದ ಕ್ಯಾಲಿಬರ್ ಹೊಡೆಯುವ ಹಾಗೆ ಯಾಕೆ ಮಾಡುವುದಿಲ್ಲ?" ಬಂದೂಕಿನ ಆಸಕ್ತರು ನಾಲ್ಕು ಜನ ಸೇರಿದ ಕಡೆ ಈ ಪ್ರಶ್ನೆ ಬಂದೇ ಬರುತ್ತದೆ (ಕ್ಯಾಲಿಬರ್ ಎಂದರೆ ನಳಿಗೆಯ ತೂತಿನ, ಅದಕ್ಕೆ ತಕ್ಕ ತೋಟಾದ ಅಳತೆ). ಮಾಡಿದ್ದಾರೆ, ಮಾರುತ್ತಲೂ ಇದ್ದಾರೆ. ಆದರೆ ತೋಟಾದ ಬುಡದ ಅಳತೆ ಒಂದೇ ಇದ್ದಾಗ ಮಾತ್ರ ಆ ಕೆಲಸ ಸಲೀಸು. ಬುಡ ಬದಲಾಯಿತೋ, ಬಂದೂಕಿನ ಅರ್ಧ ಭಾಗ ಬದಲಾಗಬೇಕು.

ಅಮೆರಿಕದ ಎಆರ್-15 ರೈಫಲನ್ನೇ ನೋಡಿ. ಅದರ 5.56×45 ತೋಟಾದ (ಮೊದಲ ಅಂಕಿ ಕ್ಯಾಲಿಬರ್, ಎರಡನೆಯದು ಮದ್ದು ತುಂಬುವ ಕೇಸಿನ ಉದ್ದ, ಮಿ.ಮೀ.ಗಳಲ್ಲಿ) ಬುಡ 9.6 ಮಿ.ಮೀ. ತೋಟಾವನ್ನು ನಳಿಗೆಯೊಳಕ್ಕೆ ತಳ್ಳಿ ಹಿಂದಿನಿಂದ ಮುಚ್ಚುವ ಬೋಲ್ಟಿನ ಮುಖದಲ್ಲಿ ಅದೇ ಅಳತೆಯ ದುಂಡನೆಯ ತಗ್ಗು ಇರುತ್ತದೆ, ತೋಟಾ ಅಲ್ಲಿ ಕೂರುತ್ತದೆ. ಈಗ ರಷ್ಯಾದ ಎಕೆ ರೈಫಲಿನ 7.62×39 ಬೇಕು ಎನ್ನಿ. ಅದರ ಬುಡ 11.35 ಮಿ.ಮೀ. ಬೋಲ್ಟಿನ ಹೊರ ಅಳತೆ ಹಿಗ್ಗುವುದಿಲ್ಲ, ಹಾಗಾಗಿ ಒಳಗಿನ ತಗ್ಗನ್ನೇ ಅಗಲ ಮಾಡಬೇಕು. ಸುತ್ತಲಿನ ಉಕ್ಕು ತೆಳುವಾಗುತ್ತದೆ. ಇಂಥ ಬೋಲ್ಟ್‌ಗಳಲ್ಲಿ ಬೋಲ್ಟನ್ನು ಬಿಗಿಹಿಡಿಯುವ ಹಲ್ಲು (ಲಗ್) ಮುರಿಯುವುದು, ಖಾಲಿ ಕೇಸನ್ನು ಎಳೆಯುವ ಕೊಕ್ಕೆ (ಎಕ್ಸ್‌ಟ್ರಾಕ್ಟರ್) ಕೈಕೊಡುವುದು ಹೆಚ್ಚು. ಅಷ್ಟಕ್ಕೇ ಮುಗಿಯಲಿಲ್ಲ. ಎಕೆ ತೋಟಾ ಬುಡದಿಂದ ಮೇಲಕ್ಕೆ ಸಣ್ಣಗಾಗುತ್ತಾ ಹೋಗುತ್ತದೆ, ಒಂದರ ಮೇಲೊಂದು ಜೋಡಿಸಿದರೆ ಸಾಲು ಬಾಗುತ್ತದೆ. ಎಕೆಯ ಮ್ಯಾಗಜಿನ್ (ತೋಟಾ ತುಂಬುವ ಡಬ್ಬಿ) ಬಾಗಿರುವುದು ಅದಕ್ಕೇ. ಎಆರ್‌ನಲ್ಲಿ ಮ್ಯಾಗಜಿನ್ ಕೂರುವ ಬಾವಿ ನೇರವಾಗಿದೆ. ಅದರೊಳಗೆ ಈ ಸಾಲನ್ನು ತುರುಕಿದರೆ ತೋಟಾ ಮೂತಿ ತಗ್ಗಿಸಿಕೊಂಡು ಸಿಕ್ಕಿಬೀಳುತ್ತದೆ. ನಳಿಗೆ, ಬೋಲ್ಟ್, ಮ್ಯಾಗಜಿನ್ ಮೂರೂ ಬದಲಾದ ಮೇಲೆ ಉಳಿದದ್ದು ಹಿಡಿಕೆ ಮತ್ತು ಕುದುರೆ (ಟ್ರಿಗರ್)!

ನಮ್ಮ ಸೇನೆ ಆಸೆಪಟ್ಟದ್ದೂ ಇದೇ ಕಷ್ಟದ ಜೋಡಿಗೆ. 2011ರಲ್ಲಿ ಕರೆದ ಟೆಂಡರ್ ಸುಮಾರು 66,000 ಬಹು ಕ್ಯಾಲಿಬರ್ ರೈಫಲ್‌ಗಳದ್ದು. 5.56×45 ಮತ್ತು 7.62×39 ಎರಡನ್ನೂ ಒಂದೇ ರೈಫಲ್ ಹೊಡೆಯಬೇಕಿತ್ತು. 2015ರಲ್ಲಿ ಟೆಂಡರ್ ರದ್ದಾಯಿತು. ಮುಂದೆ ಬಂದದ್ದು ಎರಡು ಬೇರೆ ಬೇರೆ ರೈಫಲ್: 7.62×51ಕ್ಕೆ ಸಿಗ್ 716, 7.62×39ಕ್ಕೆ ಅಮೇಠಿಯ ಕೋರ್ವಾದಲ್ಲಿ ತಯಾರಾಗುವ ಎಕೆ-203. ನನ್ನ ಪ್ರಕಾರ ಸೈನಿಕನ ಕೈಗೆ ಇದೇ ಒಳ್ಳೆಯದು.

ಬುಡ ಒಂದೇ ಇದ್ದರೆ ಎಷ್ಟು ಸುಲಭ ಎನ್ನುವುದಕ್ಕೆ .300 ಬ್ಲ್ಯಾಕ್‌ಔಟ್ ತೋಟಾ (ಅಂಕಿ ಇಂಚಿನದು) ಸಾಕ್ಷಿ. 5.56ರ ಕೇಸನ್ನೇ 35 ಮಿ.ಮೀ.ಗೆ ಗಿಡ್ಡ ಮಾಡಿ 7.8 ಮಿ.ಮೀ. ಗುಂಡು ಕೂರಿಸಿದರು. 2011ರಲ್ಲಿ ಅಮೆರಿಕದ ಕೈಗಾರಿಕಾ ಮಾನದಂಡ ಸಂಸ್ಥೆ ಸಾಮಿ ಒಪ್ಪಿಗೆ ಕೊಟ್ಟಿತು. ಬೋಲ್ಟ್ ಅದೇ, ಮ್ಯಾಗಜಿನ್ ಅದೇ, ನಳಿಗೆ ಮಾತ್ರ ಹೊಸದು. ಅಪಾಯ ಇರುವುದೂ ಈ ಅನುಕೂಲದಲ್ಲೇ. ಬ್ಲ್ಯಾಕ್‌ಔಟ್ ತೋಟಾ ತಪ್ಪಿ 5.56ರ ನಳಿಗೆಗೆ ಹೋದರೆ, ಗುಂಡು ಕೇಸಿನೊಳಕ್ಕೆ ಹಿಂದೆ ಸರಿದು ಬೋಲ್ಟ್ ಮುಚ್ಚಿಕೊಳ್ಳುವ ಸಾಧ್ಯತೆ ಇದೆ. ಕುದುರೆ ಎಳೆದರೆ 7.8 ಮಿ.ಮೀ. ಗುಂಡು 5.7 ಮಿ.ಮೀ. ತೂತಿನೊಳಗೆ ನುಗ್ಗಲಾರದೆ ನಿಲ್ಲುತ್ತದೆ, ರೈಫಲ್ ಸಿಡಿಯುತ್ತದೆ. ಮ್ಯಾಗಜಿನ್‌ಗೆ ಬಣ್ಣದ ಪಟ್ಟಿ ಕಟ್ಟುವುದು ಒಳ್ಳೆಯದೇ, ಆದರೆ ಅಷ್ಟೇ ಸಾಲದು. ಎರಡು ಕ್ಯಾಲಿಬರ್ ತೋಟಾಗಳನ್ನು ಒಂದೇ ಚೀಲದಲ್ಲಿ ರೇಂಜಿಗೆ ಒಯ್ಯಲೇಬಾರದು.

ಹೊಸ ಕ್ಯಾಲಿಬರ್ ಬೇಕೆನ್ನುವವರಿಗೆ ನಾನು ತೋರಿಸುವುದು 6.5 ಕ್ರೀಡ್‌ಮೋರ್ ತೋಟಾ. ಹಾರ್ನಡಿ ಕಂಪನಿ 2007ರಲ್ಲಿ ತಂದದ್ದು. ಬುಡ .308 ವಿಂಚೆಸ್ಟರ್ (7.62×51ರ ನಾಗರಿಕ ರೂಪ) ತೋಟಾದ್ದೇ, 12 ಮಿ.ಮೀ. 1997ರ .260 ರೆಮಿಂಗ್ಟನ್‌ಗೂ ಅದೇ ಬುಡ, ಅದೇ ದಪ್ಪದ ಗುಂಡು. ವ್ಯತ್ಯಾಸ ಕೇಸಿನ ಉದ್ದದಲ್ಲಿದೆ: .260ರದ್ದು 51.7 ಮಿ.ಮೀ., ಕ್ರೀಡ್‌ಮೋರ್‌ದು 48.8. ಗುರಿ ಸ್ಪರ್ಧೆಗೆ ಉದ್ದ ಮೂತಿಯ ಗುಂಡು ಬೇಕು, ಮ್ಯಾಗಜಿನ್ ಉದ್ದವೋ ಬೆಳೆಯುವುದಿಲ್ಲ. .260ರಲ್ಲಿ ಗುಂಡನ್ನು ಕೇಸಿನೊಳಕ್ಕೆ ಹೆಚ್ಚು ಇಳಿಸಬೇಕು, ಮದ್ದಿನ ಜಾಗ ಹೋಗುತ್ತದೆ. ಆ ಸುಮಾರು 3 ಮಿ.ಮೀ. ಗೆದ್ದಿತು. ಜೊತೆಗೆ ಸ್ಪರ್ಧೆಗೆ ತಕ್ಕ ತೋಟಾ ಅಂಗಡಿಯಲ್ಲೇ ಸಿಗುವಂತಾಯಿತು.

ಇನ್ನೊಂದು ತುದಿಯಲ್ಲಿ ಅಮೆರಿಕದ ಸೇನೆ 2022ರಲ್ಲಿ ಆರಿಸಿದ 6.8×51 ಇದೆ. ಒತ್ತಡ 80,000 ಪಿಎಸ್‌ಐ (ಚದರ ಇಂಚಿಗೆ ಪೌಂಡ್); .308ರದ್ದು 62,000. ಹಿತ್ತಾಳೆ ಬುಡ ತಾಳುವುದಿಲ್ಲವೆಂದು ಅದಕ್ಕೆ ಉಕ್ಕಿನ ಬುಡ ಕೊಟ್ಟರು. ಬುಡದ ಅಳತೆ .308ರದ್ದೇ ಆದರೂ, ಹಳೆಯ .308 ರೈಫಲಿಗೆ ಈ ನಳಿಗೆ ಹಾಕುವ ಯೋಚನೆ ಯಾರೂ ಮಾಡಬಾರದು.

ನಳಿಗೆ ಬಿಚ್ಚಿ ಕೂರಿಸಿದ ಮೇಲೆ ಗುರಿ ಉಳಿಯುತ್ತದೆಯೇ ಎಂದೂ ಕೇಳುತ್ತಾರೆ. ದೂರದರ್ಶಕ ರಿಸೀವರ್ (ಬೋಲ್ಟ್ ಇರುವ ಬಂದೂಕಿನ ಒಡಲು) ಮೇಲಿದ್ದರೆ ಪ್ರತಿ ಸಲ ಹೊಸದಾಗಿ ಗುರಿ ಹೊಂದಿಸಬೇಕು. ಜರ್ಮನಿಯ ಬ್ಲೇಸರ್ ಆರ್8ರಲ್ಲಿ ದೂರದರ್ಶಕ ನಳಿಗೆಯ ಮೇಲೇ ಕೂರುತ್ತದೆ, ಎರಡು ಸ್ಕ್ರೂ ಬಿಚ್ಚಿದರೆ ಎರಡೂ ಒಟ್ಟಿಗೇ ಬರುತ್ತವೆ. ಆದರೂ ಮರುಜೋಡಿಸಿದ ಮೇಲೆ ಮೂರು ಗುಂಡು ಹೊಡೆದು ನೋಡುವುದು ವಾಸಿ.

ಭಾರತದಲ್ಲಿ ಇದನ್ನೆಲ್ಲ ಮಾಡಬಹುದೇ? 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಬಿಡಿಭಾಗವೂ ಶಸ್ತ್ರವೇ. ಹೆಚ್ಚುವರಿ ನಳಿಗೆಯನ್ನು ಸ್ಕ್ರೂ ಕೊಂಡಂತೆ ಕೊಳ್ಳಲಾಗದು, ಪರಿವರ್ತನೆಗೆ ಬೇರೆಯೇ ಲೈಸೆನ್ಸ್ ಬೇಕು. ನಮ್ಮ .315 ರೈಫಲ್ ಹುಟ್ಟಿದ್ದೂ ಕಾನೂನಿನಿಂದಲೇ: ಸೇನೆಯ .303 ಜನರ ಕೈಗೆ ಸಿಗಬಾರದೆಂದು ಬ್ರಿಟಿಷರು ತಡೆದಾಗ, 8 ಮಿ.ಮೀ. ಮನ್‌ಲಿಕರ್ ತೋಟಾದ ಆಧಾರದ ಮೇಲೆ ಇದು ಬಂತು.

ಕೊಡಗು, ಮಲೆನಾಡಿನ ಮನೆಗಳಲ್ಲಿ ಹಳೆಯ ಜೋಡುನಳಿಗೆ ಕೋವಿ ಇದ್ದವರು ಇಷ್ಟು ನೋಡಿಕೊಳ್ಳಿ. 12 ಬೋರ್ ಎಂದರೆ ಎಲ್ಲವೂ ಒಂದೇ ಅಲ್ಲ. ನಳಿಗೆಯ ಅಡಿಯಲ್ಲಿ ಚೇಂಬರಿನ (ನಳಿಗೆಯ ಹಿಂಬದಿಯಲ್ಲಿ ತೋಟಾ ಕೂರುವ ಭಾಗ) ಉದ್ದ ಕೊರೆದಿರುತ್ತದೆ. 65 (ಮಿ.ಮೀ.) ಅಥವಾ 2½ ಇಂಚು ಎಂದಿದ್ದರೆ 70 ಮಿ.ಮೀ. ತೋಟಾ ಹಾಕಬೇಡಿ. ತೋಟಾ ಡಬ್ಬಿಯ ಮೇಲೆ ಬರೆದ ಉದ್ದ, ಹೊಡೆದು ಬಾಯಿ ಬಿಚ್ಚಿಕೊಂಡ ಮೇಲಿನದು. ಮಡಚಿದ ಬಾಯಿಯಿಂದಾಗಿ ಹೊಸ ತೋಟಾ ಗಿಡ್ಡವಾಗಿದ್ದು, ಚೇಂಬರಿನೊಳಗೆ ಸರಾಗವಾಗಿ ಕೂರುತ್ತದೆ, ಕೋವಿಯೂ ಮುಚ್ಚುತ್ತದೆ. ಹೊಡೆದಾಗ ಬಾಯಿ ಬಿಚ್ಚಿಕೊಳ್ಳಲು ಜಾಗವಿಲ್ಲದೆ ಕಿರಿದಾದ ಭಾಗಕ್ಕೆ ಚಾಚಿ, ಚರೆಯ ದಾರಿ ಬಿಗಿಯಾಗಿ, ಒತ್ತಡ ಏರುತ್ತದೆ. ಅಂಕಿ ಅಳಿಸಿಹೋಗಿದ್ದರೆ ಲೈಸೆನ್ಸ್ ಇರುವ ಕೋವಿ ರಿಪೇರಿಯವರಿಂದ ಚೇಂಬರ್ ಅಳತೆ ಮಾಡಿಸಿ. ಅಲ್ಲಿಯವರೆಗೆ 65 ಮಿ.ಮೀ. ತೋಟಾವನ್ನೂ ಹಾಕಬೇಡಿ.