ಪುಲಿಗೆರೆಗೆ ಹೋಗಿ ಮೆಣಸಿನಕಾಯಿ ತಂದೆವು

ಹೋದ ತಿಂಗಳು ಧಾರವಾಡದ ನಮ್ಮ ಹಳೇ ಗುಡಿ-ಶಾಸನದ ಹುಚ್ಚಿನ ಗುಂಪು ಟೆಂಪೊ ಮಾಡಿಕೊಂಡು ಲಕ್ಷ್ಮೇಶ್ವರಕ್ಕೆ ಹೋಗಿತ್ತು. ಏಳಕ್ಕೆ ಹೊರಡಬೇಕಿತ್ತು. ಎಂಟೂವರೆ ಆಯಿತು. ಹುಬ್ಬಳ್ಳಿಯಲ್ಲಿ ಹತ್ತಬೇಕಾದವರು ಗಿರ್ಮಿಟ್ ತಿನ್ನುತ್ತ ನಿಂತಿದ್ದರು, ಅವರನ್ನು ಬೈದು ಪ್ರಯೋಜನವಿಲ್ಲ, ನಾವೂ ಇಳಿದು ತಿಂದೆವು.

ಲಕ್ಷ್ಮೇಶ್ವರ ಅಂದರೆ ಹಳೇ ಪುಲಿಗೆರೆ. ಕವಿರಾಜಮಾರ್ಗ ತಿರುಳ್ಗನ್ನಡದ, ಅಂದರೆ ಅಪ್ಪಟ ಕನ್ನಡದ, ನಾಡು ಯಾವುದು ಅಂತ ನಾಲ್ಕು ಊರು ಹೆಸರಿಸುತ್ತದಲ್ಲ, ಅದರಲ್ಲಿ ಇದೂ ಒಂದು. 941ರಲ್ಲಿ ಪಂಪ ತಾನು ಬರೆದದ್ದು ಪುಲಿಗೆರೆಯ ಕನ್ನಡದಲ್ಲಿ ಅಂತ ಹೆಮ್ಮೆಯಿಂದ ಹೇಳಿಕೊಂಡ. ಇಷ್ಟನ್ನು ಟೆಂಪೊದಲ್ಲೇ ಮೂರು ಸಲ ಕೇಳಿಯಾಗಿತ್ತು, ನಮ್ಮಲ್ಲಿ ಪ್ರಿಂಟ್‌ಔಟ್ ತರುವವರು ಜಾಸ್ತಿ.

ಸೋಮೇಶ್ವರ ಗುಡಿಯಲ್ಲಿ ಮಾತ್ರ ಎಲ್ಲರೂ ಸುಮ್ಮನಾದರು. ಗರ್ಭಗುಡಿಯಲ್ಲಿ ಬರೀ ಲಿಂಗ ಅಲ್ಲ, ನಂದಿಯ ಮೇಲೆ ಕೂತ ಶಿವ-ಪಾರ್ವತಿ. ಊರಿಗೆ ಹೊರಟ ಗಂಡ-ಹೆಂಡತಿಯ ಹಾಗೆ ಕಾಣುತ್ತಾರೆ. ಸೌರಾಷ್ಟ್ರದಿಂದ ಬಂದ ಆದಯ್ಯ ಇಲ್ಲಿನ ಜೈನರ ಹುಡುಗಿ ಪದ್ಮಾವತಿಯನ್ನು ಮದುವೆಯಾಗಿ, ಮಾವನ ಮನೆಯವರ ಜೊತೆ ಜಗಳ ಬಿದ್ದು, ಹಟ ಹಿಡಿದು ತನ್ನೂರಿನ ಸೋಮನಾಥನನ್ನೇ ಇಲ್ಲಿಗೆ ಕರೆತಂದ ಅನ್ನುವುದು ಕಥೆ.

ಆಗ ನಮ್ಮ ಕಾಕಾ, ಅಡತಿ (ದಲ್ಲಾಳಿ) ಅಂಗಡಿಯ ಲೆಕ್ಕ ಬರೆದೇ ನಿವೃತ್ತರಾದವರು, ಕೇಳಿದರು: "ಆದಯ್ಯ ಇಲ್ಲಿ ಏನ್ ಮಾಡಾಕ ಬಂದಿದ್ದ? ವ್ಯಾಪಾರಕ್ಕ. ಮತ್ತ ನೀವು ಪ್ಯಾಟಿ ನೋಡದs ಹೊಂಟೀರಲ್ರಿ!"

ನಾನು ಇಷ್ಟು ವರ್ಷ ಈ ಕಥೆ ಕೇಳಿದ್ದೇನೆ, ಅವನು ವ್ಯಾಪಾರಿ ಅನ್ನುವುದು ಕಿವಿಗೆ ಬಿದ್ದರೂ ತಲೆಗೆ ಹೋಗಿರಲಿಲ್ಲ.

ಶಂಖ ಬಸದಿಗೆ ಹೋಗಿ, ಒಂದೇ ಕಲ್ಲಿನ ಮೈತುಂಬ ಸಾಲುಸಾಲಾಗಿ ಕೂತ ಬೆರಳುದ್ದದ ಜಿನಬಿಂಬಗಳನ್ನು ನೋಡಿ, ಸೀದಾ ಪೇಟೆಗೆ ಬಂದೆವು. ಶೇಂಗಾ, ಹತ್ತಿ, ಮೆಣಸಿನಕಾಯಿಯ ಸೀಮೆ ಇದು. ಒಂದು ಅಂಗಡಿಯಲ್ಲಿ ಕಾಕಾ ಚೀಲದ ಮೇಲಿನ ಕಾಯಿ ಮುಟ್ಟಲೇ ಇಲ್ಲ. ತೋಳು ಮುಳುಗುವಷ್ಟು ಕೈ ಹಾಕಿ ತಳದಿಂದ ಒಂದನ್ನು ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿದರು. ಬೀಜ ಗಲಗಲ ಅಂತು. ಆಮೇಲೆ ಬಾಗಿಸಿದರು. ಪಟ್ ಅಂತ ಮುರಿದರೆ ಒಣಗಿದೆ, ಬಳುಕಿದರೆ ನೀವು ನೀರಿಗೂ ದುಡ್ಡು ಕೊಡುತ್ತಿದ್ದೀರಿ ಅಂತ ಅರ್ಥವಂತೆ. ಅಂಗಡಿಯವರು ನಕ್ಕು ಚಹಾ ತರಿಸಿದರು. ಅಲ್ಲಿ ಒಂದು ತಾಸು ಹೋಯಿತು, ಗುಡಿಯಲ್ಲಿ ಅಷ್ಟು ಹೊತ್ತು ಕೂತಿರಲಿಲ್ಲ!

ಇದರಿಂದ ಆದಿಲ್‌ಶಾಹಿ ಕಾಲದ ಜುಮ್ಮಾ ಮಸೀದಿಯನ್ನು ಹೊರಗಿನಿಂದಷ್ಟೇ ನೋಡುವಂತಾಯಿತು, ಅದಕ್ಕೆ ಪ್ರಿಂಟ್‌ಔಟ್‌ನವರಿಗೆ ಇನ್ನೂ ಸಿಟ್ಟಿದೆ. ನ್ಯಾಯವಾದ ಸಿಟ್ಟೇ. ಮುಂದಿನ ಸಲ ಮೊದಲು ಅಲ್ಲಿಗೇ ಅಂತ ಒಪ್ಪಿಕೊಂಡಿದ್ದೇನೆ.

ವಾಪಸ್ ಬರುವಾಗ ಮೆಣಸಿನಕಾಯಿ ಕೊಳ್ಳದವರು ಇಬ್ಬರೇ. ಕಿಟಕಿ ಮುಚ್ಚಿದ್ದ ಟೆಂಪೊದಲ್ಲಿ ಎಲ್ಲರಿಗಿಂತ ಜಾಸ್ತಿ ಸೀನಿದವರೂ ಅವರೇ.