ಪಬ್ಲಿಕ್ಕೋ, ಪ್ರೈವೇಟೋ?

ಟೆಲಿಗ್ರಾಂನಲ್ಲಿ ಚಾನೆಲ್ ಶುರು ಮಾಡುವವರು ಮೊದಲು ಎಡವುವುದು ಇಲ್ಲೇ. ಪಬ್ಲಿಕ್ ಅಂದರೆ ಕನಿಷ್ಠ 5 ಅಕ್ಷರದ ಯೂಸರ್‌ನೇಮ್ ಬೇಕು, ಹುಡುಕಿದವರಿಗೆ ಸಿಗುತ್ತದೆ, ಸೇರದೆಯೂ ಎಲ್ಲ ಓದಬಹುದು. ಪ್ರೈವೇಟ್‌ಗೆ ಇನ್ವೈಟ್ ಲಿಂಕ್, ಇಲ್ಲವೇ ಅಡ್ಮಿನ್ ತಾವೇ ಸೇರಿಸುವುದು, ಇವೆರಡೇ ಬಾಗಿಲು.

ಆದರೆ ಆ ಲಿಂಕ್ ಯಾರೋ ಫ್ಯಾಮಿಲಿ ಗ್ರೂಪಿಗೆ ಎಸೆದರೆ ಮುಗೀತು, ಊರೆಲ್ಲ ಒಳಗೆ! ಅದಕ್ಕೇ ಲಿಂಕ್ ಮಾಡುವಾಗಲೇ ಅವಧಿ, ಎಷ್ಟು ಜನ ಅನ್ನೋ ಮಿತಿ ಹಾಕಿ. ಇಲ್ಲವೇ ಅಡ್ಮಿನ್ ಒಪ್ಪಿಗೆ ಆನ್ ಮಾಡಿ. ಸೋರಿದ ಲಿಂಕನ್ನು ರಿವೋಕ್ (ರದ್ದು) ಮಾಡಿದರೆ ಹೊಸಬರು ಬರುವುದು ನಿಲ್ಲುತ್ತದೆ ಅಷ್ಟೆ, ಒಳಗೆ ಬಂದವರನ್ನು ಒಬ್ಬೊಬ್ಬರಾಗಿ ತೆಗೆಯಬೇಕು. ಫಾರ್ವರ್ಡ್ ತಡೆಯಲು ‘ಕಂಟೆಂಟ್ ಸೇವಿಂಗ್’ ನಿರ್ಬಂಧ ಇದೆ. ಇನ್ನೊಂದು ಫೋನಿನ ಕ್ಯಾಮೆರಾಕ್ಕೆ ಮಾತ್ರ ಅದು ಲೆಕ್ಕಕ್ಕಿಲ್ಲ.

ಎಡಿಟ್‌ಗೆ ಹೋಗಿ ಚಾನೆಲ್ ಟೈಪ್ ಯಾವಾಗ ಬೇಕಾದರೂ ಬದಲಿಸಬಹುದು. ಪಬ್ಲಿಕ್‌ನಿಂದ ಪ್ರೈವೇಟ್‌ಗೆ ಹೋದರೆ ಮಾತ್ರ ಯೂಸರ್‌ನೇಮ್ ಕೈಬಿಡುತ್ತದೆ, ಪೋಸ್ಟರಿನಲ್ಲಿ ಅಚ್ಚು ಹಾಕಿಸಿದ ಹಳೇ ಲಿಂಕ್ ಸತ್ತಹಾಗೆ. ಆ ಹೆಸರನ್ನು ಬೇರೆಯವರು ಹಿಡಿದರೆ ಅಲ್ಲಿಗೆ ನಿಮ್ಮ ಓದುಗರೇ ಹೋಗಿ ನಿಲ್ಲುತ್ತಾರೆ.

ಯಾವುದೇ ಇರಲಿ, ಸದಸ್ಯರ ಪಟ್ಟಿ ಕಾಣುವುದು ಅಡ್ಮಿನ್‌ಗಳಿಗಷ್ಟೇ. ‘ಪ್ರೈವೇಟ್’ ಅಂದಕೂಡಲೇ ಗುಟ್ಟು ಅಂದುಕೊಳ್ಳುತ್ತೇವೆ. ಚಾನೆಲ್‌ಗೆ ಸೀಕ್ರೆಟ್ ಚಾಟ್‌ನಂಥ ಎಂಡ್-ಟು-ಎಂಡ್ ಬೀಗವೇ ಇಲ್ಲ, ಅಂದರೆ ಕಳಿಸಿದವರು, ಪಡೆದವರು ಬಿಟ್ಟು ಕಂಪನಿಗೂ ಓದಲಾಗದ ವ್ಯವಸ್ಥೆ ಇಲ್ಲಿಲ್ಲ. ಟ್ಯೂಷನ್ ನೋಟ್ಸಿಗೆ ಸರಿ, ಆಧಾರ್ ಫೋಟೋಗೆ ಖಂಡಿತ ಬೇಡ.